ಎಥನಾಲ್ ಬೆಂಕಿಗೆ ಬೇರೆಯದೇ ಫೋಮ್

ಕಣಕಿ ಬಣವೆ, ಕಬ್ಬಿನ ರವದಿಯ ಬೆಂಕಿ ಆರಿಸಿ ಪಳಗಿದ ಕೈ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್) ಟ್ಯಾಂಕರ್ ಮುಂದೆ ತಪ್ಪುತ್ತದೆ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆಯ ಸಕ್ಕರೆ ಕಾರ್ಖಾನೆಗಳು ಡಿಸ್ಟಿಲರಿ ಕಟ್ಟಿಕೊಂಡ ಮೇಲೆ, ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ರಸ್ತೆಯಲ್ಲೇ ಈ ಟ್ಯಾಂಕರ್‌ಗಳೂ ಓಡಾಡುತ್ತಿವೆ. ಈ ಭಾಗದ ಅಗ್ನಿಶಾಮಕ ಠಾಣೆಗಳಲ್ಲಿ ರಾಸಾಯನಿಕ ಅವಘಡದ ತರಬೇತಿ ಎಥನಾಲ್‌ನಿಂದಲೇ ಶುರುವಾಗಲಿ.

ಮೊದಲ ಕೆಲಸ, ಗಾಳಿಗೆ ಬೆನ್ನು ಮಾಡಿ ದೂರ ನಿಂತು ದುರ್ಬೀನಿನಲ್ಲಿ ಟ್ಯಾಂಕರ್‌ನ ಫಲಕ ಓದುವುದು. 1170 ಎಂದರೆ ಎಥನಾಲ್, 1203 ಪೆಟ್ರೋಲ್. ಅವಘಡವಾದರೆ ಏನು ಮಾಡಬೇಕೆಂದು ಹೇಳುವ ಹ್ಯಾಜ್‌ಕೆಮ್ ಸಂಕೇತ ಎಥನಾಲ್‌ಗೆ ‘•2ವೈಇ’. ಚುಕ್ಕೆ ಎಂದರೆ ಆಲ್ಕೋಹಾಲ್ ತಡೆಯುವ ಫೋಮ್ (ಬೆಂಕಿಗೆ ಹೊದಿಸುವ ನೊರೆ), ಚಿಕ್ಕದಾಗಿ ಎಆರ್ ಫೋಮ್. 2 ಎಂದರೆ ನೀರಿನ ಸಣ್ಣ ತುಂತುರು. ವೈ ಎಂದರೆ ಬಿಎ ಸೆಟ್ (ಉಸಿರಾಟದ ಉಪಕರಣ) ಮತ್ತು ಪೂರ್ತಿ ಫೈರ್ ಕಿಟ್, ಚೆಲ್ಲಿದ್ದನ್ನು ಚರಂಡಿಗೆ ಬಿಡದೆ ಕಟ್ಟೆ ಹಾಕಿ ನಿಲ್ಲಿಸುವುದು. ಇ ಎಂದರೆ ಜನರನ್ನು ತೆರವು ಮಾಡುವ ಯೋಚನೆ. ಸೋರಿಕೆಯಷ್ಟೇ ಇದ್ದರೆ ಸುತ್ತ 50 ಮೀಟರ್ ಖಾಲಿ ಮಾಡಿಸಿ ಶುರುಮಾಡಿ; ಟ್ಯಾಂಕರ್‌ಗೇ ಬೆಂಕಿ ತಗುಲಿದ್ದರೆ 800 ಮೀಟರ್.

ಹಾಡುಹಗಲಲ್ಲಿ ಎಥನಾಲ್ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ. ತೆಳು ನೀಲಿ, ಹೊಗೆಯೂ ಇಲ್ಲದಷ್ಟು. ಬೇಸಿಗೆಯ ಟಾರ್ ರಸ್ತೆ ಹೇಗೂ ನಡುಗಿದಂತೆ ಕಾಣುವುದರಿಂದ ಬಿಸಿಗಾಳಿಯ ಗುರುತನ್ನೂ ನಂಬಲಾಗದು. ಥರ್ಮಲ್ ಕ್ಯಾಮೆರಾ ಇದ್ದರೆ ಅದನ್ನು ಹಿಡಿದೇ ಹೆಜ್ಜೆ ಇಡಬೇಕು.

ಎಡವಟ್ಟು ಹೆಚ್ಚಾಗುವುದು ಫೋಮ್‌ನಲ್ಲಿ. ಪೆಟ್ರೋಲ್‌ಗೆ ಬಳಸುವ ಸಾಮಾನ್ಯ ಫೋಮ್ ಎಥನಾಲ್ ಮೇಲೆ ನಿಲ್ಲದು. ಆಲ್ಕೋಹಾಲ್ ಗುಳ್ಳೆಯೊಳಗಿನ ನೀರನ್ನು ಹೀರಿ, ಹೊದಿಕೆ ನೋಡುನೋಡುತ್ತ ಕರಗಿ ಹೋಗುತ್ತದೆ. ಎಆರ್ ಫೋಮ್‌ನಲ್ಲಿರುವ ಪಾಲಿಮರ್ ನಡುವೆ ಅಂಟಿನಂಥ ಪದರ ಕಟ್ಟಿ ಅದನ್ನು ತಡೆಯುತ್ತದೆ. ಕ್ಯಾನ್ ಮೇಲೆ ‘3x6’ ಎಂದಿದ್ದರೆ ಪೆಟ್ರೋಲ್‌ಗೆ ಶೇ 3, ಎಥನಾಲ್‌ಗೆ ಶೇ 6. ಕ್ಯಾನ್‌ನಿಂದ ಫೋಮ್ ಹೀರಿ ನೀರಿಗೆ ಬೆರೆಸುವ ಇಂಡಕ್ಟರ್‌ನ ಡಯಲ್ ಹಳೆ ಅಭ್ಯಾಸದಲ್ಲಿ 3ರ ಮೇಲೇ ಉಳಿಯುವುದು ಮಾಮೂಲು.

ಲೆಕ್ಕ ಬಾಯಲ್ಲಿರಲಿ. ಚದರ ಮೀಟರ್‌ಗೆ ನಿಮಿಷಕ್ಕೆ 6.5 ಲೀಟರ್ ದ್ರಾವಣ (ಫೋಮ್ ಬೆರೆತ ನೀರು) ಹಿಡಿದರೆ (ಕ್ಯಾನ್ ತಯಾರಕರು ಹೆಚ್ಚು ಹೇಳಿದ್ದರೆ ಅದೇ ಸರಿ), 100 ಚದರ ಮೀಟರ್‌ಗೆ 650 ಲೀಟರ್. ಅದರ ಶೇ 6 ಎಂದರೆ 39 ಲೀಟರ್ ಫೋಮ್. 15 ನಿಮಿಷಕ್ಕೆ 585 ಲೀಟರ್, ಅಂದರೆ 20 ಲೀಟರ್‌ನ 30 ಕ್ಯಾನು! ನಿಮಿಷಕ್ಕೆ 450 ಲೀಟರ್ ಹರಿಸುವ ಇಂಡಕ್ಟರ್ ಶೇ 6ರಲ್ಲಿ ಒಂದು ಕ್ಯಾನನ್ನು ಮುಕ್ಕಾಲು ನಿಮಿಷದೊಳಗೆ ಖಾಲಿ ಮಾಡುತ್ತದೆ. ಕ್ಯಾನ್ ಬದಲಿಸುವುದಕ್ಕೇ ಒಬ್ಬ ಬೇಕು. ಡ್ರಿಲ್‌ನಲ್ಲಿ ಎರಡು ಕ್ಯಾನ್ ಸುರಿದು ಮುಗಿಸಿದವರಿಗೆ ಇದು ಹೊಳೆಯುವುದೇ ಇಲ್ಲ.

450ರ ಇಂಡಕ್ಟರ್‌ಗೆ 225ರ ನಾಜಲ್ ಸಿಕ್ಕಿಸಿದರೆ, ನಾಜಲ್ ಅರ್ಧ ತೆರೆದರೆ, ಮುಂದಿನ ಹೋಸ್ ಅತಿ ಉದ್ದವಾದರೆ ಹಿಂದೊತ್ತಡ ಬಂದು ಕ್ಯಾನ್‌ನಿಂದ ಏನೂ ಏರದು. ಬರುವುದು ಬರೀ ನೀರು. ಫೋಮ್ ಬಂದಮೇಲೂ ಎಥನಾಲ್‌ನ ನಡುವಿಗೆ ರಭಸದಿಂದ ಹೊಡೆಯಬಾರದು, ಪದರ ಮುಳುಗಿ ಒಡೆದುಹೋಗುತ್ತದೆ. ಟ್ಯಾಂಕರ್‌ನ ಮೈಗೋ ಗೋಡೆಗೋ ಬಡಿಸಿ ಮೆಲ್ಲಗೆ ಜಾರಿಸಬೇಕು.

‘ನೀರಲ್ಲಿ ಬೆರೆಯುತ್ತದಲ್ಲ, ನೀರೇ ಹಾಕಿ’ ಎನ್ನುವವರೂ ಇದ್ದಾರೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದ ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ತಾಪ) ಸುಮಾರು 36 ಡಿಗ್ರಿ. ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಬಿಸಿ. 12,000 ಲೀಟರ್ ಚೆಲ್ಲಿದರೆ ಅಷ್ಟಕ್ಕೇ 48,000 ಲೀಟರ್ ನೀರು, 4,500 ಲೀಟರ್‌ನ ಬಂಡಿ ಹನ್ನೊಂದು ಸಲ ಬರಬೇಕು. ಕಟ್ಟೆ ಇಲ್ಲದಿದ್ದರೆ ಉರಿಯುವ ನೀರು ಚರಂಡಿ ಹಿಡಿದು ಊರೊಳಗೆ ಹೋಗುತ್ತದೆ.

ಅಭ್ಯಾಸ ಮುಗಿದೊಡನೆ ಇಂಡಕ್ಟರ್‌ನ ಹೀರುಗೊಳವೆಯನ್ನು ಶುದ್ಧ ನೀರಿನ ಬಕೆಟ್‌ಗೆ ಇಳಿಸಿ, ನಾಜಲ್‌ನಲ್ಲಿ ನೊರೆ ನಿಲ್ಲುವವರೆಗೆ ಓಡಿಸಿ. ಎಆರ್ ಫೋಮ್ ಒಣಗಿದರೆ ಗೋಂದಾಗಿ ಒಳಗಿನ ಗುಂಡು ವಾಲ್ವ್ ಅಂಟಿಕೊಂಡುಬಿಡುತ್ತದೆ.