ಚಿಲಿಕಾದ ಬಾಯಿ ಬಿಡಿಸಿದ ಕಥೆ

ಕೆರೆಯಲ್ಲಿ ಹೂಳು ತುಂಬಿದರೆ ನಮಗೆ ಗೊತ್ತಿರುವ ಮದ್ದು ಒಂದೇ. ಬೇಸಿಗೆಯಲ್ಲಿ ಜೆಸಿಬಿ ಇಳಿಸು, ಮಣ್ಣು ತೆಗೆ, ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆ. ಊರ ಕೆರೆಗೆ ಇದು ಸರಿ. ಸಾವಿರ ಚದರ ಕಿಲೋಮೀಟರ್ ಹರಡಿಕೊಂಡ ನೀರಿಗೆ?

ಒಡಿಶಾದ ಚಿಲಿಕಾ ಸರೋವರ ಅಷ್ಟು ದೊಡ್ಡದು. ಮಳೆಗಾಲದಲ್ಲಿ 1100 ಚದರ ಕಿ.ಮೀ. ದಾಟುತ್ತದೆ, ಬೇಸಿಗೆಯಲ್ಲಿ 900ರ ಹತ್ತಿರಕ್ಕೆ ಇಳಿಯುತ್ತದೆ. ಉದ್ದ ಸುಮಾರು 64 ಕಿ.ಮೀ. ಆಳ ಮಾತ್ರ ಹೆಚ್ಚಿನ ಕಡೆ ಎದೆಮಟ್ಟ, ಇಲ್ಲವೇ ತಲೆ ಮುಳುಗುವಷ್ಟು. ಒಂದು ಕಡೆ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ, ಲೂನಾ ಬಂದು ಸೇರುತ್ತವೆ. ಪಶ್ಚಿಮದ ಗುಡ್ಡಗಳಿಂದ ಹತ್ತಾರು ಹಳ್ಳಗಳು ಇಳಿಯುತ್ತವೆ. ಇನ್ನೊಂದು ಕಡೆ ಬಂಗಾಳ ಕೊಲ್ಲಿ. ನಡುವೆ ಒಂದು ಉದ್ದನೆಯ ಮರಳ ದಿಬ್ಬ. ಸಿಹಿ ನೀರು, ಉಪ್ಪು ನೀರು ಎರಡೂ ಬೆರೆಯುವ ಇಂಥ ಜಾಗಕ್ಕೆ ಲಗೂನ್ ಅನ್ನುತ್ತಾರೆ.

ಲಗೂನಿಗೆ ಹೂಳು ತುಂಬುವುದು ಸಹಜ. ನದಿ ರಭಸವಾಗಿ ಓಡುವಾಗ ಮಣ್ಣನ್ನು ಹೊತ್ತು ತರುತ್ತದೆ, ನಿಂತ ನೀರಿಗೆ ಬಂದ ಕೂಡಲೇ ಕೆಳಗಿಳಿಸುತ್ತದೆ. ಉಪ್ಪು ನೀರು ಇದ್ದರಂತೂ ಇನ್ನೂ ಬೇಗ. ಜೇಡಿಯ ನುಣ್ಣನೆಯ ಕಣಗಳು ಸಿಹಿ ನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ. ಉಪ್ಪು ಸೇರಿದರೆ ಆ ತಳ್ಳಾಟ ನಿಂತು, ಒಂದಕ್ಕೊಂದು ಅಂಟಿ, ಭಾರವಾಗಿ ಮುಳುಗುತ್ತವೆ. ಚಿಲಿಕಾಕ್ಕೆ ಹೀಗೆ ವರ್ಷಕ್ಕೆ ಬರುವ ಮಣ್ಣು ಹತ್ತು ಲಕ್ಷ ಟನ್ನಿಗೂ ಜಾಸ್ತಿ. ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ಒಂದು ಲಕ್ಷ ಲೋಡು. ದಿನಕ್ಕೆ 270ಕ್ಕಿಂತ ಹೆಚ್ಚು ಲಾರಿ ತೆಗೆದರೆ ಈ ವರ್ಷದ್ದು ಮಾತ್ರ ಖಾಲಿಯಾಯಿತು, ಹಳೆಯದು ಹಾಗೇ ಉಳಿಯಿತು. ಇಲ್ಲಿ ಜೆಸಿಬಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಇಷ್ಟು ಸಾವಿರ ವರ್ಷ ಚಿಲಿಕಾ ಹೇಗೆ ಉಳಿಯಿತು? ಸಮುದ್ರದ ಕಡೆಗೆ ಬಾಯಿ ತೆರೆದಿತ್ತು, ಅದಕ್ಕೆ.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಮರಳು ತುಂಬಿದರೆ ದೋಣಿ ಒಳಗೆ ಬರಲಾಗದೆ ಪಡುವ ಪಾಡು ಅವರಿಗೆ ಚೆನ್ನಾಗಿ ಗೊತ್ತು. ಚಿಲಿಕಾದ ಅಳಿವೆಯ ಕೆಲಸ ದೋಣಿ ಬಿಡುವುದಷ್ಟೇ ಅಲ್ಲ. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಸಮುದ್ರ ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಹೋಗುವ ನೀರು ಒಂದಷ್ಟು ಹೂಳನ್ನೂ ಎಳೆದುಕೊಂಡು ಹೋಗುತ್ತದೆ. ನೀರಿನ ರಭಸವೇ ಬಾಯಿಯನ್ನು ಗುಡಿಸಿ ಇಟ್ಟುಕೊಳ್ಳುತ್ತದೆ.

ಆದರೆ ಒಡಿಶಾ ಕರಾವಳಿಯ ಮರಳು ಸುಮ್ನೆ ಬಿದ್ದಿರುವುದಲ್ಲ, ನಡೆಯುತ್ತದೆ. ಮುಂಗಾರಿನಲ್ಲಿ ನೈಋತ್ಯದಿಂದ ಓರೆಯಾಗಿ ಬಡಿಯುವ ಅಲೆಗಳು ಅದನ್ನು ತಳ್ಳಿಕೊಂಡು ಉತ್ತರದ ಕಡೆ ಹೋಗುತ್ತವೆ. ಮರಳ ದಿಬ್ಬ ಬೆಳೆಯುತ್ತಾ ಹೋದಂತೆ ಚಿಲಿಕಾದ ಬಾಯಿಯೂ ಉತ್ತರಕ್ಕೆ ಸರಿಯುತ್ತಾ ಹೋಯಿತು. ಸರೋವರದಿಂದ ಸಮುದ್ರ ಮುಟ್ಟಲು ನೀರು ದಡಕ್ಕೆ ಸಮನಾಗಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಒಂದು ಕಾಲುವೆಯಲ್ಲಿ ತೆವಳಬೇಕಾಯಿತು. ಅಷ್ಟು ದೂರ ತೆವಳುವ ಉಬ್ಬರಕ್ಕೆ ಏನು ಶಕ್ತಿ ಉಳಿದೀತು? ಉಪ್ಪು ಇಳಿಯಿತು. ಸಿಹಿ ನೀರಿನ ಜೊಂಡು, ಕಳೆ ಹಬ್ಬಿತು. ಜೊಂಡಿನ ನಡುವೆ ನೀರು ನಿಧಾನವಾಗಿ, ಮತ್ತಷ್ಟು ಹೂಳು ಕೂತಿತು. ಹೂಳು ಕೂತಲ್ಲಿ ಮತ್ತೆ ಜೊಂಡು. ಸಮುದ್ರದಿಂದ ಮರಿಗಳಾಗಿ ಒಳಗೆ ಬರಬೇಕಾದ ಸಿಗಡಿ, ಮೀನುಗಳಿಗೆ ದಾರಿಯೇ ಕಟ್ಟಿತು.

ಜವುಗು ಪ್ರದೇಶಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದ ರಾಮ್ಸಾರ್. 1981ರಲ್ಲಿ ಭಾರತದ ಮೊದಲ ಎರಡು ರಾಮ್ಸಾರ್ ತಾಣಗಳಲ್ಲಿ ಒಂದಾಗಿದ್ದ ಚಿಲಿಕಾ, 1993ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿತು.

ಇಷ್ಟನ್ನು ಹೇಳಿ ಎಂಜಿನಿಯರುಗಳ ಕಥೆಗೆ ಹೋಗಿಬಿಡಬಹುದು. ಎಲ್ಲರೂ ಹಾಗೇ ಹೋಗುತ್ತಾರೆ. ನನಗೆ ನಡುವಿನ ಹತ್ತು ವರ್ಷ ಮುಖ್ಯ ಅನ್ನಿಸುತ್ತದೆ.

ಚಿಲಿಕಾದ ಮೀನುಗಾರರು ತಲೆಮಾರುಗಳಿಂದ ನೀರನ್ನು ಹಂಚಿಕೊಂಡು ಬಂದವರು. ಯಾವ ಜಾತಿಯವರು ಬಲೆ ಬೀಸಬೇಕು, ಯಾರು ಬಿದಿರ ಬುಟ್ಟಿ ಇಡಬೇಕು, ಮಳೆ ನಿಂತು ನೀರು ಇಳಿಯುವಾಗ ಯಾರು ಬಿದಿರ ತಡಿಕೆ ಕಟ್ಟಿ ಮೀನು ಹಿಡಿಯಬೇಕು ಅಂತ ಲೆಕ್ಕವಿತ್ತು. ಈ ತಡಿಕೆ ಮೀನುಗಾರಿಕೆಗೆ ಅಲ್ಲಿ 'ಜಾನೊ' ಅನ್ನುತ್ತಾರೆ. ಎಂಬತ್ತರ ದಶಕದಲ್ಲಿ ಸಿಗಡಿಗೆ ಚಿನ್ನದ ಬೆಲೆ ಬಂತು. ಹಣ ಇದ್ದವರು ಸರೋವರದ ಅಂಚನ್ನೇ ಬೇಲಿ, ಏರಿ ಹಾಕಿ ಸಿಗಡಿ ಸಾಕಲು ಸುತ್ತುವರಿದರು. ಇದು 'ಘೇರಿ'. ಕುಮಟಾ ಕಡೆಯ ಗಜನಿಗಳಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಗಳಲ್ಲಿ, ಸಿಗಡಿ ಬೆಳೆಯುವುದನ್ನು ಕಂಡವರಿಗೆ ಇದರ ಅಂದಾಜು ಸಿಗುತ್ತದೆ. ವ್ಯತ್ಯಾಸ ಏನೆಂದರೆ ಗಜನಿಯಲ್ಲಿ ಭತ್ತವೂ ಬೆಳೆಯುತ್ತದೆ, ಘೇರಿ ಎದ್ದದ್ದು ಎಲ್ಲರೂ ಮೀನು ಹಿಡಿಯುತ್ತಿದ್ದ ನೀರಿನಲ್ಲಿ.

ಒಂದು ದೊಡ್ಡ ಕಂಪನಿ ಮತ್ತು ಸರ್ಕಾರ ಸೇರಿ ಸಿಗಡಿ ಯೋಜನೆ ತಂದಾಗ ಮೀನುಗಾರರು, ವಿದ್ಯಾರ್ಥಿಗಳು 'ಚಿಲಿಕಾ ಬಚಾವೊ' ಅಂತ ಬೀದಿಗಿಳಿದರು. ಯೋಜನೆ ನಿಂತಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಚಿಲಿಕಾ ಮತ್ತು ಆಂಧ್ರ-ತಮಿಳುನಾಡು ಗಡಿಯ ಪುಲಿಕಾಟ್ ಸರೋವರಗಳ ಸುತ್ತ 1000 ಮೀಟರ್ ಒಳಗೆ ಸಿಗಡಿ ಉದ್ಯಮ ಬೇಡ ಅಂದಿತು. ಆದರೂ ಘೇರಿಗಳು ಹೋಗಲಿಲ್ಲ. 1999ರ ಮೇ ತಿಂಗಳಲ್ಲಿ ಮೀನುಗಾರರೇ ಅವನ್ನು ಕಿತ್ತರು. ಅದಾದ ಮೇಲೆ ಸೊರಣ ಎಂಬ ಊರಿನಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು.

ಇದು ಜೀವನೋಪಾಯದ ಜಗಳ, ಹೂಳಿಗೆ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ಒತ್ತೊತ್ತಾಗಿ ನೆಟ್ಟ ಬಿದಿರು, ಸಣ್ಣ ಕಣ್ಣಿನ ಬಲೆ, ಮಣ್ಣಿನ ಏರಿ, ಇವೆಲ್ಲ ನೀರಿನ ಓಟಕ್ಕೆ ಬ್ರೇಕ್. ಓಟ ಕಮ್ಮಿಯಾದಲ್ಲಿ ಹೂಳು ಕೂರುತ್ತದೆ, ಜೊಂಡಿನಲ್ಲಿ ಆದ ಹಾಗೆಯೇ. ಘೇರಿ ಕೀಳುವುದೂ ಒಂದು ರೀತಿಯಲ್ಲಿ ಸರೋವರದ ಉಸಿರು ಬಿಡಿಸುವ ಕೆಲಸವೇ ಆಗಿತ್ತು ಅಂತ ನನ್ನ ಅಭಿಪ್ರಾಯ.

ಎಂಜಿನಿಯರಿಂಗ್ ಭಾಗ ಚುಟುಕಾಗಿ. ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಿಂದ ಮಾದರಿ ಅಧ್ಯಯನ ಮಾಡಿಸಿತು. 2000ದ ಸೆಪ್ಟೆಂಬರ್ 23ರಂದು ಸಾತಪಡಾ ಹತ್ತಿರದ ಸಿಪಕುಡಾದಲ್ಲಿ ಮರಳ ದಿಬ್ಬ ಕಡಿದು ಹೊಸ ಬಾಯಿ ತೆರೆದರು. ಸಮುದ್ರದ ದಾರಿ 18 ಕಿ.ಮೀ. ಕಮ್ಮಿಯಾಯಿತು. ಸರೋವರದ ಒಟ್ಟು ಹೂಳಿನ ಮುಂದೆ ಅಲ್ಲಿ ತೆಗೆದ ಮರಳು ಏನೇನೂ ಅಲ್ಲ. ಉಳಿದದ್ದನ್ನು ನೀರೇ ಮಾಡಿಕೊಂಡಿತು. 1999-2000ರಲ್ಲಿ 1700 ಟನ್ ಆಸುಪಾಸಿಗೆ ಕುಸಿದಿದ್ದ ಮೀನು, ಸಿಗಡಿ, ಏಡಿಯ ಫಸಲು ಎರಡೇ ವರ್ಷದಲ್ಲಿ 12,000 ಟನ್ನಿನ ಹತ್ತಿರ ಬಂತು. 2002ರಲ್ಲಿ ಚಿಲಿಕಾ ಅಪಾಯದ ಪಟ್ಟಿಯಿಂದ ಹೊರಬಂತು. ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣ ಅದು.

ಬಾಯಿ ತೆರೆದರೂ ಮೇಲಿನಿಂದ ಮಣ್ಣು ಬರುವುದು ನಿಲ್ಲುವುದಿಲ್ಲವಲ್ಲ. ಅದಕ್ಕೆ ಪಶ್ಚಿಮದ ಬೋಳು ಗುಡ್ಡಗಳ ತಪ್ಪಲಿನ ಹಳ್ಳಿಗಳಲ್ಲಿ ಜನರ ಜಲಾನಯನ ಸಮಿತಿಗಳಾದವು. ಎಲ್ಲಿ ಬದು ಹಾಕಬೇಕು, ಎಲ್ಲಿ ಚೆಕ್ ಡ್ಯಾಂ, ಎಲ್ಲಿ ದನ ಬಿಡಬಾರದು ಅಂತ ಊರವರೇ ಕೂತು ನಕ್ಷೆ ಹಾಕಿದರು. ಗುಡ್ಡದ ರೈತನಿಗೆ ಚಿಲಿಕಾದ ಹೂಳಿನ ಚಿಂತೆ ಇರಬೇಕಿಲ್ಲ. ತನ್ನ ಹೊಲದ ಮೇಲ್ಮಣ್ಣು ಉಳಿದು ಬಾವಿಗೆ ನೀರು ಬಂದರೆ ಅವನಿಗೆ ಸಾಕು, ಸರೋವರಕ್ಕೂ ಅಷ್ಟೇ ಬೇಕಾದದ್ದು.

ಇನ್ನೊಂದು ತಮಾಷೆ ಇದೆ. ಹೂಳು ಹಿಡಿದಿಡುವ ಖಳನಾಯಕ ಅಂತ ನಾವು ಬೈದ ಜೊಂಡು, ಉತ್ತರ ದಡದ ಮಂಗಳಜೋಡಿಯಲ್ಲಿ ಅನ್ನದಾತ. ಅಲ್ಲಿನ ಜವುಗಿಗೆ ಚಳಿಗಾಲದಲ್ಲಿ ಹಕ್ಕಿಗಳ ಹಿಂಡೇ ಇಳಿಯುತ್ತದೆ. ಒಂದು ಕಾಲದಲ್ಲಿ ಊರಿನ ಹಲವರು ಅವನ್ನು ಬೇಟೆಯಾಡಿ ಮಾರುತ್ತಿದ್ದರು. 2000ದ ಹೊತ್ತಿಗೆ ಅವರೇ ಹಕ್ಕಿ ಕಾಯುವ ಸಮಿತಿ ಕಟ್ಟಿಕೊಂಡರು. ಇವತ್ತು ದೋಣಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹಕ್ಕಿಯ ಹೆಸರು ಹೇಳುವವರಲ್ಲಿ ಹಳೆಯ ಬೇಟೆಗಾರರೂ ಇದ್ದಾರೆ. ನಮ್ಮ ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಚಿಲಿಕಾಕ್ಕೂ ಬರುತ್ತದೆ. ಈ ಜೊಂಡನ್ನು ಪೂರ್ತಿ ಕಿತ್ತರೆ ಹಕ್ಕಿಗೆ ನೆಲೆಯಿಲ್ಲ, ಪೂರ್ತಿ ಬಿಟ್ಟರೆ ದೋಣಿಗೆ ದಾರಿಯಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೀನು ಮರಳಿ ಬಂದ ಹಾಗೆ ಘೇರಿಗಳೂ ಮರಳಿ ಬಂದವು. ಅವನ್ನು ಕೀಳುವ ಕಾರ್ಯಾಚರಣೆ ನಡೆಯುತ್ತದೆ, ಅವು ಮತ್ತೆ ಏಳುತ್ತವೆ. ಇನ್ನು ಮರಳಂತೂ ಯಾರ ಮಾತೂ ಕೇಳುವುದಿಲ್ಲ. 2008ರಲ್ಲಿ ಸಮುದ್ರ ತಾನೇ ಗಬಕುಂಡದಲ್ಲಿ ಇನ್ನೊಂದು ಬಾಯಿ ಕೊರೆಯಿತು. 2013ರ ಫೈಲಿನ್ ಚಂಡಮಾರುತ, 2019ರ ಫನಿ ಬಂದಾಗಲೂ ದಿಬ್ಬ ಒಡೆದು ಹೊಸ ಬಾಯಿಗಳಾದವು. ಮನುಷ್ಯರು ವರ್ಷಗಟ್ಟಲೆ ಲೆಕ್ಕ ಹಾಕಿ ಮಾಡಿದ್ದನ್ನು ಚಂಡಮಾರುತ ಒಂದೇ ರಾತ್ರಿಯಲ್ಲಿ ಮಾಡಿಬಿಡುತ್ತದೆ. ಪ್ರತಿ ಸಲ ಬಾಯಿ ಜಾಗ ಬದಲಿಸಿದಾಗ ಒಳಗಿನ ಉಪ್ಪು ಏರಿಳಿಯುತ್ತದೆ, ಮೀನು ಸಿಗುವ ಜಾಗ ಬದಲಾಗುತ್ತದೆ. ಮೀನುಗಾರರು ಮತ್ತೆ ಬಲೆ ಹೊತ್ತು ಹೊಸ ಜಾಗ ಹುಡುಕಿಕೊಂಡು ದೋಣಿ ಇಳಿಸುತ್ತಾರೆ.