ಪಿಎಫ್ ದುಡ್ಡಿಗೆ ಎಷ್ಟು ತಿಂಗಳು ಕಾಯಬೇಕು?

ಕೆಲಸ ಬಿಟ್ಟ ಮೇಲೆ ಪಿಎಫ್, ಅಂದರೆ ಭವಿಷ್ಯ ನಿಧಿ, ಯಾವಾಗ ಕೈಗೆ ಬರುತ್ತದೆ? ಎರಡು ತಿಂಗಳು ಅಂತ ಒಬ್ಬರು, ಒಂದು ವರ್ಷ ಅಂತ ಇನ್ನೊಬ್ಬರು. ಇಬ್ಬರೂ ಪೂರ್ತಿ ತಪ್ಪು ಹೇಳುತ್ತಿಲ್ಲ. ನಿಯಮವೇ ಅಷ್ಟು ಸಲ ಬದಲಾಗಿದೆ.

1952ರಲ್ಲಿ ಪಿಎಫ್ ಕಾಯ್ದೆ ಬಂದಾಗ ಅದು ಅನ್ವಯಿಸಿದ್ದು ಬಟ್ಟೆ, ಸಿಮೆಂಟ್, ಉಕ್ಕು, ಕಾಗದದಂಥ ಆರು ಉದ್ಯಮಗಳಿಗೆ. ಸೇರಿದ ಗಿರಣಿಯಲ್ಲೇ ನಿವೃತ್ತಿಯಾಗುವ ಕಾರ್ಮಿಕನಿಗೆ ಹೊಂದುವಂಥ ಲೆಕ್ಕ ಅದು. ಆಮೇಲೆ ಉದ್ಯಮಗಳು ಹೆಚ್ಚಿದವು, 1995ರಲ್ಲಿ ಪಿಂಚಣಿ ಯೋಜನೆ ಸೇರಿತು. ಈಗ 15,000 ರೂಪಾಯಿ ಸಂಬಳಕ್ಕೆ ತಿಂಗಳಿಗೆ ಕಾರ್ಮಿಕರಿಂದ 1,800, ಮಾಲೀಕರಿಂದಲೂ 1,800. ಮಾಲೀಕರ ಪಾಲಿನಲ್ಲಿ ಸುಮಾರು 1,250 ಪಿಂಚಣಿಗೆ ಹೋಗಿ, ಪಿಎಫ್‌ಗೆ ಉಳಿಯುವುದು 550.

ಈ 550ರಂಥ ಮೊತ್ತಕ್ಕಾಗಿಯೇ 2016ರಲ್ಲಿ ಬೆಂಗಳೂರು ನಿಂತುಹೋಯಿತು.

ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ತೆಗೆಯಬಹುದು, ಮಾಲೀಕರ ಪಾಲು 58 ವರ್ಷ ತುಂಬಿದ ಮೇಲೆ ಎಂದಿತು. ಮುಪ್ಪಿಗೆ ಆಸರೆಯಾಗಲಿ ಎಂಬುದು ಅದರ ವಾದ. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮಿಷನ್ ಮುಂದೆ ಕೂರುವವರು ಎಷ್ಟು ಜನ? ಬೆನ್ನು ನೋವು, ಟಾರ್ಗೆಟ್, ಮಗು, ಊರಿನ ಕಷ್ಟ. ಏನೋ ಒಂದಕ್ಕೆ ಬಿಡುತ್ತಾರೆ. ಐದು ವರ್ಷ ತುಂಬದಿದ್ದರೆ ಗ್ರಾಚ್ಯುಟಿಯೂ ಇಲ್ಲ. ಒಟ್ಟಿಗೆ ಸಿಗುವ ದುಡ್ಡು ಅಂತ ಇರುವುದು ಪಿಎಫ್ ಒಂದೇ. ಅದು ಮಗಳ ಫೀಸು, ಮನೆ ಅಡ್ವಾನ್ಸು, ಕೈಸಾಲ.

ಇದನ್ನು ವಿರೋಧಿಸಿ ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಇಳಿದ ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಹೆಂಗಸರೇ ಜಾಸ್ತಿ. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಮಾರನೇ ದಿನ ತುಮಕೂರು ರಸ್ತೆಯೂ ಬಂದ್. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಏಟೂ ಬಿದ್ದವು. 19ರಂದು ಸರ್ಕಾರ ಮೊದಲು ನಿಯಮವನ್ನು ಜುಲೈ 31ರವರೆಗೆ ಮುಂದೂಡಿತು, ಅದೇ ದಿನ ಅಧಿಸೂಚನೆಯನ್ನೇ ವಾಪಸ್ ಪಡೆಯಿತು. ಅದೇ ವರ್ಷದ ಬಜೆಟ್‌ನಲ್ಲಿ ಪಿಎಫ್ ಮೊತ್ತದ 60% ಭಾಗಕ್ಕೆ ತೆರಿಗೆ ಹಾಕುವ ಪ್ರಸ್ತಾಪವೂ ಇತ್ತು. ಸಂಬಳದಾರರು ಗೊಣಗಿದರು, ಎಂಟೇ ದಿನದಲ್ಲಿ ಅದು ಹೋಯಿತು. ಅದಕ್ಕೆ ಯಾರೂ ಏಟು ತಿನ್ನಬೇಕಾಗಲಿಲ್ಲ ಅನ್ನುವುದನ್ನೂ ನೆನಪಿಡಬೇಕು.

2018ರ ಡಿಸೆಂಬರ್‌ನಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು: ಕೆಲಸವಿಲ್ಲದೆ ಒಂದು ತಿಂಗಳಾದರೆ 75%, ಎರಡು ತಿಂಗಳಾದರೆ ಉಳಿದದ್ದು. 2025ರ ಅಕ್ಟೋಬರ್ 13ರಂದು ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒದ ಮಂಡಳಿ ಮತ್ತೆ ಲೆಕ್ಕ ತಿರುಗಿಸಿತು. 75% ತಕ್ಷಣ ತೆಗೆಯಬಹುದು, 25% ಖಾತೆಯಲ್ಲಿ ಇರಬೇಕು, ಪೂರ್ತಿ ಚುಕ್ತಾ ಆಗಬೇಕಾದರೆ ಕೆಲಸವಿಲ್ಲದೆ 12 ತಿಂಗಳಾಗಿರಬೇಕು ಎಂದು ತೀರ್ಮಾನಿಸಿತು. ಪಿಂಚಣಿ ಹಣಕ್ಕೆ 36 ತಿಂಗಳು. ಕಾರಣ ಹಳೆಯದೇ, ಮುಪ್ಪಿನ ಆಸರೆ. ಮೊದಲ 75% ಬೇಗ ಸಿಗುವುದು ಒಳ್ಳೆಯದೇ. ಆದರೆ ಎರಡು ತಿಂಗಳು ಹನ್ನೆರಡಾಗಿದ್ದು ಸಣ್ಣ ಮಾತಲ್ಲ, ಅಲ್ವಾ?

ಇಷ್ಟೆಲ್ಲದರ ನಡುವೆ ಮಾಲೀಕರ ಹೊಣೆ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಹಿಡಿದ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಡವಾದರೆ ಬಡ್ಡಿ, ದಂಡ ಎರಡೂ ಇವೆ. ಸಂಬಳದಲ್ಲಿ ಹಿಡಿದು ಕಟ್ಟದೇ ಇದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಹಾಗಾಗಿ ಪಾಸ್‌ಬುಕ್ ಅನ್ನು ಕೆಲಸ ಬಿಟ್ಟ ಮೇಲಲ್ಲ, ಕೆಲಸದಲ್ಲಿರುವಾಗಲೇ ನೋಡಿಕೊಳ್ಳಬೇಕು.

ಇನ್ನೊಂದು, ಕೆಲಸ ಬಿಟ್ಟ ದಿನಾಂಕ. ಕಂಪನಿಯವರು ಅದನ್ನು ಆನ್‌ಲೈನ್‌ನಲ್ಲಿ ನಮೂದಿಸದಿದ್ದರೆ ಪೂರ್ತಿ ಹಣದ ಅರ್ಜಿ ಮುಂದೆ ಹೋಗುವುದಿಲ್ಲ. 2020ರಿಂದ ಕಾರ್ಮಿಕರೇ ಅದನ್ನು ಹಾಕಿಕೊಳ್ಳಬಹುದು. ಅದಕ್ಕೆ ಕೊನೆಯ ಕಂತು ಬಿದ್ದು ಎರಡು ತಿಂಗಳಾಗಿರಬೇಕು. ಜೊತೆಗೆ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಇನ್ನೂ ಚಾಲ್ತಿಯಲ್ಲಿರಬೇಕು.