ಸೈನಿಕನ ಅಧ್ಯಾತ್ಮಕ್ಕೂ ಅಂಕ ಕೊಟ್ಟ ಸೇನೆ

ಓಟ, ಪುಷ್‌ಅಪ್, ಗುರಿ ಹೊಡೆಯೋದು. ಸೈನಿಕನಿಗೆ ಇಂಥವುಗಳಲ್ಲಿ ಅಂಕ ಕೊಡೋದು ಹೊಸದೇನಲ್ಲ. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಭೂಸೇನೆ ಅಧ್ಯಾತ್ಮವನ್ನೂ ಈ ಪಟ್ಟಿಗೆ ಸೇರಿಸಿತು.

ಕಾರಣ ಗಂಭೀರವಾಗಿಯೇ ಇತ್ತು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಿಗೆ ಮತ್ತೆ ಮತ್ತೆ ಹೋಗಿಬಂದವರಲ್ಲಿ ಮಾನಸಿಕ ಆಘಾತ ಹೆಚ್ಚಿತ್ತು. ಸೇನೆಯಲ್ಲಿ ಆತ್ಮಹತ್ಯೆಗಳೂ ಏರುತ್ತಿದ್ದವು. ಆಗಿನ ಮುಖ್ಯಸ್ಥ ಜನರಲ್ ಜಾರ್ಜ್ ಕೇಸಿ, ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಅವರ ನೆರವಿನಿಂದ ‘ಕಾಂಪ್ರಹೆನ್ಸಿವ್ ಸೋಲ್ಜರ್ ಫಿಟ್‌ನೆಸ್’ (ಸೈನಿಕನ ಸಮಗ್ರ ಕ್ಷಮತೆ) ಎಂಬ ಕಾರ್ಯಕ್ರಮ ತಂದರು. ದೇಹ, ಭಾವನೆ, ಒಡನಾಟ, ಕುಟುಂಬ, ಅಧ್ಯಾತ್ಮ ಎಂದು ಐದು ಭಾಗ. ಸೈನಿಕರು ಕಂಪ್ಯೂಟರ್ ಮುಂದೆ ಕೂತು 105 ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಇದು ಕಡ್ಡಾಯವಾಗಿತ್ತು.

ಅಧ್ಯಾತ್ಮದ ಭಾಗದಲ್ಲಿದ್ದದ್ದು ಕೆಲವೇ ಹೇಳಿಕೆಗಳು. ನಾನು ಅಧ್ಯಾತ್ಮದ ಒಲವಿರುವವನು. ನನ್ನ ಬದುಕಿಗೆ ಉಳಿಯುವಂಥ ಅರ್ಥವಿದೆ. ಇಂಥವು ತನಗೆ ಎಷ್ಟು ಹೊಂದುತ್ತವೆ ಅಂತ ಗುರುತು ಹಾಕಬೇಕಿತ್ತು. ಎಲ್ಲೂ ದೇವರ ಹೆಸರಿಲ್ಲ, ನಿಜ. ಆದರೆ ನಾಸ್ತಿಕನೊಬ್ಬ ಮೊದಲನೆಯದಕ್ಕೆ ಏನು ಹಾಕಬೇಕು? ಫೋರ್ಟ್ ಬ್ರಾಗ್ ಸೇನಾನೆಲೆಯ ಸಾರ್ಜೆಂಟ್ ಒಬ್ಬರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ನಿಮ್ಮ ಬದುಕಿಗೆ ಅರ್ಥ, ಗುರಿ ಸಾಲದಿರಬಹುದು ಎಂದು ಕಂಪ್ಯೂಟರ್ ಹೇಳಿತು! ಸೈನಿಕರ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಮೈಕಿ ವೈನ್‌ಸ್ಟೀನ್ 2005ರಲ್ಲಿ ಕಟ್ಟಿದ ಸಂಘಟನೆ ಇದನ್ನು ಕೈಗೆತ್ತಿಕೊಂಡಿತು. ಇದು ಧರ್ಮವಲ್ಲ, ಮನೋಬಲ ಎಂದಿತು ಸೇನೆ. ಪ್ರಶ್ನೆಗಳ ನಂತರದ ಅಧ್ಯಾತ್ಮ ತರಬೇತಿ ಅವರವರ ಇಷ್ಟ ಎಂದೂ ಹೇಳಿತು.

ಧರ್ಮವಲ್ಲ, ತರಬೇತಿ. ಈ ಮಾತನ್ನು ಕೋರ್ಟು ಹಿಂದೆಯೇ ಕೇಳಿತ್ತು. ವೆಸ್ಟ್ ಪಾಯಿಂಟ್ ಮತ್ತಿತರ ಸೇನಾ ಅಕಾಡೆಮಿಗಳಲ್ಲಿ ಭಾನುವಾರ ಪ್ರಾರ್ಥನೆಗೆ ಹೋಗಲೇಬೇಕಿತ್ತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದಾಗ ಸರ್ಕಾರ ಹೇಳಿದ್ದೇನು? ಇದು ಪೂಜೆಯಲ್ಲ, ನಾಯಕತ್ವದ ಪಾಠ. ನಾಳೆ ತಮ್ಮ ಕೈಕೆಳಗೆ ಬರುವವರ ಭಕ್ತಿಯನ್ನು ಅಧಿಕಾರಿಗಳು ಅರಿಯಲಿ ಅಂತ. ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. 1972ರಲ್ಲಿ ಆ ಕಡ್ಡಾಯ ಮುಗಿಯಿತು.

ಹಾಗಂತ ಸೇನೆಯಿಂದ ಧರ್ಮವನ್ನೇ ಹೊರಗಿಡಲಿಲ್ಲ. ಪಾದ್ರಿಗಳು 1775ರಿಂದಲೂ ಇದ್ದಾರೆ. ಅವರಿಗೆ ಸರ್ಕಾರಿ ಸಂಬಳ ಕೊಡೋದು ಸರಿಯಾ ಅಂತ ಕೇಳಿದ ಮೊಕದ್ದಮೆಯಲ್ಲೂ 1985ರಲ್ಲಿ ಸೇನೆಯೇ ಗೆದ್ದಿತು. ಸೈನಿಕನನ್ನು ಊರಿಂದ ದೂರ ಕಳಿಸುವುದೇ ಸರ್ಕಾರ. ಹಾಗಿದ್ದಾಗ ಅವನಿಗೆ ಪ್ರಾರ್ಥನೆಗೆ ಅನುಕೂಲ ಮಾಡಿಕೊಡೋದರಲ್ಲಿ ತಪ್ಪೇನು? ಈ ವಾದ ನನಗೂ ಸರಿ ಅನಿಸುತ್ತದೆ. ಬೇಕು ಅಂದವನಿಗೆ ಒದಗಿಸೋದು ಬೇರೆ, ಬೇಡ ಅಂದವನನ್ನು ಅಳೆಯೋದು ಬೇರೆ, ಅಲ್ವಾ?

ಮೇಲಧಿಕಾರಿಯ ಎದುರು ‘ಬೇಡ’ ಅನ್ನೋದೂ ಸುಲಭವಲ್ಲ. ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನಲ್ಲಿ 2010ರ ಮೇ ತಿಂಗಳಲ್ಲಿ ‘ಸ್ಪಿರಿಚುವಲ್ ಫಿಟ್‌ನೆಸ್’ ಹೆಸರಿನ ಸಂಗೀತ ಕಾರ್ಯಕ್ರಮ ನಡೆಯಿತು. ಹಾಡಿದ್ದು ಕ್ರೈಸ್ತ ರಾಕ್ ತಂಡ. ಹೋಗಲ್ಲ ಅಂದವರನ್ನು ಬ್ಯಾರಕ್‌ನಲ್ಲೇ ಕೂಡಿಹಾಕಿ ಕಸ ಗುಡಿಸಲು ಹಚ್ಚಿದರು ಎಂದು ಸೈನಿಕರು ದೂರಿದರು. ಹೋಗೋದು ಕಡ್ಡಾಯ ಅಂತ ಯಾರೂ ಬರೆದು ಕೊಡಬೇಕಾಗಿರಲಿಲ್ಲ.

ಅಧ್ಯಾತ್ಮ ಮಾತ್ರ ಸೇನೆಯ ಫಿಟ್‌ನೆಸ್ ಪುಸ್ತಕ ಬಿಟ್ಟು ಹೋಗಲಿಲ್ಲ. 2020ರ ಹೊಸ ಕೈಪಿಡಿಯಲ್ಲಿ ಅದು ನಿದ್ದೆ, ಊಟದ ಪಕ್ಕದಲ್ಲೇ ಕೂತಿತು. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಖಾತೆ ಹೊತ್ತಿದ್ದ ಪೀಟ್ ಹೆಗ್ಸೆತ್ ಸೇನೆಯ ಅಧ್ಯಾತ್ಮ ಮಾರ್ಗದರ್ಶಿ ಪುಸ್ತಿಕೆಯನ್ನೇ ರದ್ದು ಮಾಡುವುದಾಗಿ ಹೇಳಿದರು. ಅವರ ದೂರು ನಾಸ್ತಿಕರದ್ದಕ್ಕೆ ಪೂರ್ತಿ ಉಲ್ಟಾ: ಅದರಲ್ಲಿ ದೇವರ ಮಾತು ತೀರಾ ಕಮ್ಮಿ, ಭಾವನೆಗಳ ಮಾತೇ ಜಾಸ್ತಿ.